ತಲೆಬರಹಕ್ಕೆ ಹೋದ ಕೂಗು

ನಮ್ಮೂರಿನಲ್ಲಿ ಯಾರೂ ಯಾರನ್ನೂ "ಊಟ ಆಯ್ತಾ" ಎಂದು ಕೇಳುವುದಿಲ್ಲ. ಮನಸ್ಸಿಲ್ಲದೆ ಅಲ್ಲ, ಬಾಯಿಗೆ ಬರುವುದಿಲ್ಲ. ನಾನು ಹುಟ್ಟುವ ಮುಂಚೆ ಯಾವುದೋ ಅನ್ನದಾನದ ಸುದ್ದಿಗೆ ಊರಿನ ಪತ್ರಿಕೆಯವರು ಆ ಎರಡು ಮಾತನ್ನು ತಲೆಬರಹ ಮಾಡಿ ದಪ್ಪಕ್ಷರದಲ್ಲಿ ಹಾಕಿದ್ದರಂತೆ. ಮಾರನೆಯ ದಿನದಿಂದ ಊರವರ ನಾಲಗೆಗೆ ಅದು ಸಿಗಲಿಲ್ಲ. ಅಂದಿನಿಂದ ನಾವು "ಹೊಟ್ಟೆ ಹೇಗಿದೆ" ಎಂದು ಕೇಳುತ್ತೇವೆ. ಹೊರಗಿನಿಂದ ಬಂದ ನೆಂಟರು, ಇದೇನಪ್ಪ ಎಲ್ಲರೂ ನಮ್ಮ ಅಜೀರ್ಣ ವಿಚಾರಿಸುತ್ತಾರಲ್ಲ ಎಂದು ಮುಖ ಸಿಂಡರಿಸಿಕೊಂಡು ಹೋಗುತ್ತಾರೆ.

ಬೇರೆ ಊರಿನ ಪತ್ರಿಕೆಗಳು ಏನು ಬೇಕಾದರೂ ಹಾಕಿಕೊಳ್ಳಲಿ, ನಮಗೇನೂ ಆಗುವುದಿಲ್ಲ. ನಮ್ಮ ಪತ್ರಿಕೆಯಲ್ಲೂ ಒಳಗಿನ ಸಣ್ಣಕ್ಷರದಿಂದ ಅಪಾಯವಿಲ್ಲ. ತಲೆಬರಹದಲ್ಲಿ ಬಂದ ಮಾತು ಮಾತ್ರ ಊರಿನ ಬಾಯಿಂದ ಹೋಗಿಬಿಡುತ್ತದೆ. ಬರೆಯಬಹುದು, ಓದಿಕೊಳ್ಳಬಹುದು, ಹೇಳಲಾಗುವುದಿಲ್ಲ. ಹೇಳಹೊರಟರೆ ನಾಲಗೆ ಅಂಗುಳಿಗೆ ಅಂಟಿಕೊಂಡು ಕೂತುಬಿಡುತ್ತದೆ. ಪುರಸಭೆಯ ಅಧ್ಯಕ್ಷರ ಹೆಸರು ಒಮ್ಮೆ ಹಾಗೆ ಬಂದು, ಈಗ ಇಡೀ ಊರೇ ಅವರನ್ನು ಅವರ ಹೆಂಡತಿ ಕರೆಯುವ ಹಾಗೆ "ಇವರು" ಎನ್ನುತ್ತದೆ. ಬಟ್ಟೆ ಅಂಗಡಿಯವನೊಬ್ಬ, ಹೆಂಡತಿ ಮಾತು ಮಾತಿಗೂ "ನಮ್ಮಪ್ಪನ ಮನೇಲಿ ಹೀಗಿರಲಿಲ್ಲ" ಎನ್ನುವುದನ್ನು ತಾಳಲಾರದೆ ಅದನ್ನೇ ಜಾಹೀರಾತಿನ ತಲೆಬರಹ ಮಾಡಿಸಿದ. ಆಕೆ ಎರಡು ದಿನ ಬಾಯಿ ಬಿಗಿದುಕೊಂಡಿದ್ದು ಮೂರನೆಯ ದಿನದಿಂದ "ನಾನು ಹುಟ್ಟಿದ ಮನೇಲಿ" ಎಂದು ಶುರು ಮಾಡಿದಳು.

ಪತ್ರಿಕೆ ನಡೆಸುವವರು ನಂಜರಾಜಯ್ಯನವರು. ಅವರ ಅಪ್ಪನೇ ಆ ಊಟದ ತಲೆಬರಹ ಹಾಕಿದವರು, ಹಾಗಾಗಿ ಮಗನಿಗೆ ಸಿಕ್ಕಾಪಟ್ಟೆ ಎಚ್ಚರ. ಯಾರೂ ಎಂದೂ ಬಾಯಲ್ಲಿ ಆಡದಂಥ ಮಾತು ಹುಡುಕಿ ತಲೆಬರಹ ಕೊಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಸಂತೆಮಾಳದಲ್ಲಿ ಬೆಂಕಿ ಬಿದ್ದು ಅರ್ಧ ಅಂಗಡಿಗಳು ಸುಟ್ಟ ದಿನ "ಉಷ್ಣಾಂಶದ ಬಗೆಗೆ ಕೆಲವು ಅವಲೋಕನಗಳು" ಎಂದು ಹಾಕಿದ್ದರು. ನಮ್ಮೂರಿನ ಪತ್ರಿಕೆ ಓದಿ ಯಾರಿಗೂ ಎದೆ ಹಾರಿದ್ದಿಲ್ಲ.

ನನ್ನದು ರೇಡಿಯೋ ರಿಪೇರಿ ಅಂಗಡಿ. ಈಗ ರೇಡಿಯೋ ಎಲ್ಲಿ, ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ. ಆದರೆ ಕಿವಿಯ ಚಟ ಹೋಗಲಿಲ್ಲ. ಅಂಗಡಿ ಮುಂದೆ ಹಾದುಹೋಗುವವರ ಕೂಗನ್ನೆಲ್ಲ ಫೋನಿನಲ್ಲಿ ಹಿಡಿದಿಡುತ್ತಿದ್ದೆ. ಸೊಪ್ಪಿನವಳು, ಸಾಣೆ ಹಿಡಿಯುವವನು, ಕಡ್ಡಿಪೊರಕೆಯವನು, ಹಳೇ ಕಬ್ಬಿಣದವನು, ಉಪ್ಪಿನ ಗಾಡಿ, ಬೊಂಬಾಯಿ ಮಿಠಾಯಿ. ಮಗಳು ಗಂಡನ ಮನೆಗೆ ಹೋಗುವ ಮುಂಚೆ ಅವನ್ನೆಲ್ಲ ಸೇರಿಸಿ ಒಂದು ವೆಬ್‌ಸೈಟು ಮಾಡಿಕೊಟ್ಟಳು. "ಬೀದಿಕೂಗು" ಎಂದು ಹೆಸರಿಟ್ಟೆ. ಕೂಗು ಒತ್ತಿದರೆ ಕೇಳುತ್ತದೆ, ಕೆಳಗೆ ಆ ವ್ಯಾಪಾರಿಯ ಹೆಸರು, ಬರುವ ಬೀದಿ, ಬರುವ ಹೊತ್ತು. ಬೇರೆ ಏನೂ ಇಲ್ಲ. ನನಗೆ ಅದು ದೊಡ್ಡ ಭಂಡಾರದ ಹಾಗೆ ಕಾಣುತ್ತಿತ್ತು. ನೋಡಲು ಬರುತ್ತಿದ್ದವರು ನಾನು, ನಾನು ಜೋರು ಮಾಡಿದಾಗ ನನ್ನ ಹೆಂಡತಿ ಪ್ರಮೀಳಾ, ಮತ್ತೆ ಯಾವುದೋ ದೂರದೂರಿನಿಂದ ಭಾನುವಾರಗಳಲ್ಲಿ ಒಬ್ಬರು. ಆ ಒಬ್ಬರು ಯಾರು ಎಂದು ಈಗಲೂ ಗೊತ್ತಿಲ್ಲ.

ಪೇಪರಿನಲ್ಲಿ ಬಂದರೆ ಜನ ಬರುತ್ತಾರೆ ಎಂದು ತಲೆಗೆ ಹೊಕ್ಕಿತು. ನಗರದ ಪತ್ರಿಕೆಗಳಿಗೆಲ್ಲ ಬರೆದೆ. ಒಬ್ಬರು ಫೋನು ಮಾಡಿ, ದಿನಕ್ಕೆ ಎಷ್ಟು ಸಾವಿರ ಜನ ನೋಡುತ್ತಾರೆ ಎಂದು ಕೇಳಿದರು. ಅಷ್ಟು ಜನ ನೋಡುತ್ತಿದ್ದರೆ ನಿಮ್ಮನ್ನು ಯಾಕೆ ಕೇಳುತ್ತಿದ್ದೆ ಸ್ವಾಮಿ ಎಂದೆ. ಇಟ್ಟುಬಿಟ್ಟರು. ಇನ್ನೊಬ್ಬರು, ನೀವು ಹಳೇ ಸೈಕಲ್ಲಿನ ಮೇಲೆ ಕೂತು ಮೈಕು ಹಿಡಿದಿರುವ ಫೋಟೋ ಇದೆಯಾ ಅಂದರು. ನನಗೆ ಸೈಕಲ್ಲೇ ಬರುವುದಿಲ್ಲ. ಮತ್ತೊಬ್ಬರು ಜಾಹೀರಾತಿನ ದರಪಟ್ಟಿ ಕಳಿಸಿದರು. ಕೊನೆಗೆ ಉಳಿದವರು ನಂಜರಾಜಯ್ಯನವರೇ.

"ಸಂತೋಷವಾಗಿ ಬರೀತೀನಪ್ಪ. ಆದರೆ ಹೆಡ್ಡಿಂಗು ನನ್ನ ಇಷ್ಟ," ಎಂದರು.

"ಯಾರಾದ್ರೂ ತಿರುಗಿ ನೋಡೋ ಹಾಗಿರ್ಲಿ ಸಾರ್."

"ತಿರುಗಿ ನೋಡೋ ಮಾತು ಅಂದ್ರೆ ಜನಕ್ಕೆ ಬೇಕಾದ ಮಾತು. ಬೇಕಾದ್ದನ್ನ ನಾನು ಅವರ ಬಾಯಿಂದ ಕಿತ್ಕೊಳ್ಲಾ?"

ಬರೆದರು. ಚೆನ್ನಾಗಿಯೇ ಬರೆದರು, ಒಂದೂವರೆ ಕಾಲಂ. ಮೇಲೆ ದಪ್ಪಕ್ಷರದಲ್ಲಿ "ಜಾಲತಾಣವೊಂದರ ಇರುವಿಕೆಯನ್ನು ಕುರಿತು" ಎಂದು ಹಾಕಿದ್ದರು. ಆ ವಾರ ಸೈಟಿಗೆ ಹೊಸದಾಗಿ ಬಂದವರು ಸ್ವತಃ ನಂಜರಾಜಯ್ಯನವರು. ಅದನ್ನು ಬೈದುಕೊಳ್ಳುತ್ತಾ ಅಂಗಡಿಯಲ್ಲಿ ಕೂತಿದ್ದಾಗಲೇ ಸಣ್ಣತಾಯಮ್ಮ ಬಂದು ಬುಟ್ಟಿ ಇಳಿಸಿದ್ದು.

ಸಣ್ಣತಾಯಮ್ಮ ಹೂವಿನವಳು. ಬೇರೆ ಹೂವಿನವರೆಲ್ಲ ಮಲ್ಲಿಗೆ, ಕನಕಾಂಬರ ಎಂದು ಹೂವಿನ ಹೆಸರು ಕೂಗಿದರೆ ಇವಳು ಹೂವಿನ ಮಾತೇ ಎತ್ತುತ್ತಿರಲಿಲ್ಲ. "ಬಾಡೋ ಮುಂಚೆ ಬನ್ರವ್ವೋ" ಎನ್ನುತ್ತಿದ್ದಳು, ಅಷ್ಟೆ. ಕೊನೆಯ "ವ್ವೋ" ಬೀದಿಯ ಆ ತುದಿಯವರೆಗೆ ಹೋಗಿ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಒಲೆಯ ಮೇಲೆ ಹಾಲಿಟ್ಟವರೂ ಉರಿ ಸಣ್ಣ ಮಾಡಿ ಬಾಗಿಲಿಗೆ ಬರುತ್ತಿದ್ದರು. ಪ್ರಮೀಳಾ ಅಂತೂ ಹೂ ಬೇಡದ ದಿನವೂ ಹೋಗುತ್ತಿದ್ದಳು. ಯಾಕೆ ಎಂದರೆ "ಕರೆದರಲ್ಲ, ಹೋಗದಿದ್ರೆ ಹೇಗೆ" ಎನ್ನುತ್ತಿದ್ದಳು. ನನ್ನ ಸೈಟಿನಲ್ಲಿದ್ದ ಕೂಗುಗಳಲ್ಲೆಲ್ಲ ಅದೇ ಮೇಲು.

"ಅಣ್ಣಾ, ನನ್ ಕೂಗು ಕಳುವಾಗೈತೆ," ಎಂದಳು.

ವಿಷಯ ಏನೆಂದರೆ, ನಮ್ಮೂರಿನದೇ ಅಂಚಿನ ಕೆರೆಕೋಡಿ ಕಡೆಯಿಂದ ಜಯಶೀಲ ಎನ್ನುವ ಹುಡುಗಿ ಹೊಸದಾಗಿ ಹೂ ಮಾರಲು ಬರುತ್ತಿದ್ದಳು. ಸೊಂಟ ಗಟ್ಟಿ, ಕಾಲು ಚುರುಕು. ಸಣ್ಣತಾಯಮ್ಮನಿಗಿಂತ ಅರ್ಧ ಗಂಟೆ ಮುಂಚೆ ಅದೇ ಬೀದಿಗೆ ಬಂದು, ಅದೇ ಕೂಗನ್ನು, ಅದೇ "ವ್ವೋ" ಎಳೆದು ಕೂಗುತ್ತಿದ್ದಳು. ಹೆಂಗಸರು ಇವಳೇ ಎಂದು ಬಂದು, ಬಂದಮೇಲೆ ಖಾಲಿ ಕೈಯಲ್ಲಿ ಹೋಗುವುದೇಕೆ ಎಂದು ಅವಳ ಹತ್ತಿರ ಕೊಂಡುಬಿಡುತ್ತಿದ್ದರು. ಇವಳು ಬರುವಷ್ಟರಲ್ಲಿ ಎಲ್ಲರ ತಲೆಯಲ್ಲೂ ಹೂ.

"ಕರೆದು ಕೇಳಿದ್ಯಾ ಅವಳನ್ನ?"

"ಕೇಳ್ದೆ. ಅಕ್ಕಾ ನಿಮ್ಮದು ಚೆನ್ನಾಗೈತೆ, ಅದಕ್ಕೇ ಕೂಗ್ತೀನಿ ಅಂತಾಳೆ. ನಗ್ತಾ ನಗ್ತಾ ಅಂತಾಳೆ. ಏನ್ ಬೈಯ್ಲಿ?"

ಬುಟ್ಟಿಯ ಹಸಿಬಟ್ಟೆ ಸರಿಮಾಡಿದಳು. ಆಮೇಲೆ ಮಾಮೂಲಿ ದನಿಯಲ್ಲಿ, "ಪೇಪರ್ನಾಗೆ ದಪ್ಪಕ್ಷರದಲ್ಲಿ ಹಾಕ್ಸು ನನ್ ಕೂಗ," ಎಂದಳು.

ನನಗೆ ಅರ್ಥವಾಗಲಿಲ್ಲ. ಹಾಕಿಸಿದರೆ ನಿನ್ನ ಬಾಯಿಂದಲೂ ಹೋಗುತ್ತದಲ್ಲ ಎಂದೆ.

"ಹೋಗ್ಲಿ. ಅವಳ ಬಾಯಿಂದ್ಲೂ ಹೋಗ್ತದೆ. ನಿನ್ ಮಿಷಿನ್ನಿಗೆ ಬಾಯೆಲ್ಲೈತೆ? ಅದರೊಳಗೆ ನನ್ ದನಿ ಐತಲ್ಲ, ಅದನ್ನ ಒಂದ್ ಡಬ್ಬಿಗೆ ಹಾಕ್ಕೊಡು. ಬುಟ್ಟಿಗೆ ಕಟ್ಕೊಂಡು ಹೋಯ್ತೀನಿ. ಆಮೇಲೆ ಈ ಊರಾಗೆ ಆ ಕೂಗು ಅಂದ್ರೆ ನಾನೊಬ್ಳೇ. ನಿನಗೂ ಆಯ್ತದೆ ನೋಡು. ಯಾರ್ ಬಾಯಲ್ಲೂ ಬರ್ದಿದ್ದು ಕೇಳ್ಬೇಕು ಅಂದ್ರೆ ಜನ ನಿನ್ ತಾವ್ಕೇ ಬರ್ಬೇಕು."

ಇಷ್ಟು ದಿನ ನಾನು ಪ್ರಚಾರ ಪ್ರಚಾರ ಎಂದು ತಲೆ ಕೆಡಿಸಿಕೊಂಡು, ಊರೆಲ್ಲ ಬರೆದು, ಈ ಸರಳವಾದ ಲೆಕ್ಕ ನನಗೆ ಹೊಳೆದಿರಲಿಲ್ಲ. ಬೇಡ ಕಣಮ್ಮ ಎಂದೆ. ಅದು ನಿಜ, ಪ್ರಮೀಳಾ ಸಾಕ್ಷಿ. ಆದರೆ ಹಾಗೆಂದ ದನಿಯಲ್ಲಿ ಜೀವ ಇರಲಿಲ್ಲ. ಎರಡನೆಯ ಸಲ ಬೇಡ ಎನ್ನಲೂ ಇಲ್ಲ. ಎಂದಿದ್ದರೆ ಕೇಳುತ್ತಿದ್ದಳೋ ಏನೋ, ಗೊತ್ತಿಲ್ಲ. ಹಟಗಾರ್ತಿ. ಆದರೂ ಎನ್ನಬೇಕಿತ್ತು.

ನಂಜರಾಜಯ್ಯನವರು ಒಪ್ಪಲೇ ಇಲ್ಲ. ಅವಳು ಮೂರು ಬೆಳಗ್ಗೆ ಅವರ ಪ್ರೆಸ್ಸಿನ ಮೆಟ್ಟಿಲ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಳು. "ನನ್ ಬಾಯಿ ಸ್ವಾಮಿ, ನನ್ ಮಾತು. ಬ್ಯಾರೇರ್ ಮಾತ ನಿಮ್ಮಪ್ಪಾವ್ರು ಕೇಳ್ದೆ ತಕ್ಕೊಂಡ್ರು. ನಾನು ಕೇಳ್ಕೊಂಡು ಕೊಡ್ತಾ ಇವ್ನಿ," ಎಂದಳು. ಅಪ್ಪನ ಹೆಸರು ಬಂದಮೇಲೆ ಅವರು ಮೆತ್ತಗಾದರು. ಸರಿ ಹಾಗಾದರೆ ಸಂಜೆ ಬಾ, ಕೊನೇ ಮಾತು ಹೇಳಿ ಹೋಗು ಎಂದರು.

ಅದೊಂದು ಪದ್ಧತಿ. ಯಾರಾದರೂ ತಾವಾಗಿ ತಮ್ಮ ಮಾತನ್ನು ತಲೆಬರಹಕ್ಕೆ ಕೊಡುವುದಾದರೆ, ಅಚ್ಚಿನ ಮೊಳೆ ಜೋಡಿಸುವ ಹೊತ್ತಿಗೆ ಅವರು ಪ್ರೆಸ್ಸಿಗೆ ಬಂದು ಅದನ್ನು ಒಂದು ಸಲ ಬಾಯಿ ತುಂಬ ಹೇಳಬೇಕು. ನಂಜರಾಜಯ್ಯನವರು ಈ ಕೆಲಸಕ್ಕೆ ಈಗಲೂ ಅಪ್ಪನ ಕಾಲದ ಮೊಳೆಗಳನ್ನೇ ಬಳಸುತ್ತಾರೆ. ಸಂಜೆ ನಾನೂ ಹೋದೆ. ಸಣ್ಣತಾಯಮ್ಮ ಗಟ್ಟಿಯಂಚಿನ ಸೀರೆ ಉಟ್ಟು, ತಾನೇ ಕಟ್ಟಿದ ಹೂವನ್ನು ಮುಡಿದು ಬಂದಿದ್ದಳು. ಅವಳು ಹೂ ಮುಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹೂಂ, ಹೇಳಮ್ಮ," ಎಂದರು ನಂಜರಾಜಯ್ಯ, ಮೊಳೆ ಕೈಯಲ್ಲಿ ಹಿಡಿದು.

ಅವಳು ಒಳಗೆ ಹೇಳಲಿಲ್ಲ. ಬಾಗಿಲಿಗೆ ಬಂದು ಬೀದಿಯ ಕಡೆ ತಿರುಗಿ ಕೂಗಿದಳು. ಅಂಥ ಕೂಗನ್ನು ನಾನು ಅವಳ ಬಾಯಲ್ಲೂ ಕೇಳಿರಲಿಲ್ಲ. ಪ್ರೆಸ್ಸಿನ ಬೀದಿಯ ಹೆಂಗಸರು, ಈ ಹೊತ್ತಿನಲ್ಲಿ ಯಾವ ಹೂವು ಎಂದು ಸೆರಗು ಸರಿಮಾಡಿಕೊಳ್ಳುತ್ತಾ ಒಬ್ಬೊಬ್ಬರೇ ಬಾಗಿಲಿಗೆ ಬಂದರು. ಬುಟ್ಟಿ ಇರಲಿಲ್ಲ. ಅವಳು ಎಲ್ಲರಿಗೂ ನಕ್ಕು, ತನ್ನ ಮುಡಿಯಿಂದ ಹೂ ತೆಗೆದು, ಬಂದವರಿಗೆಲ್ಲ ತುಂಡು ತುಂಡು ಮಾಡಿ ಕೊಟ್ಟಳು. ಒಳಗೆ ಮೊಳೆ ಕೂಡಿಸುವ ಟಕ್ ಟಕ್ ಕೇಳುತ್ತಿತ್ತು. ನಾನು ಆ ಕೂಗನ್ನು ಫೋನಿನಲ್ಲಿ ಹಿಡಿದುಕೊಂಡಿದ್ದೆ. ಸೈಟಿಗೆ ಹಾಕಿದ್ದು ಅದನ್ನೇ.

ಮಾರನೆಯ ದಿನದ ಪತ್ರಿಕೆಯನ್ನು ಜನ ನಂಬಲಿಲ್ಲ. ನಂಜರಾಜಯ್ಯನವರು, ಇಷ್ಟು ಚೆಂದದ ಮಾತನ್ನು, ಮುಖಪುಟದಲ್ಲಿ, ಅಡ್ಡಕ್ಕೆ ನಾಲ್ಕು ಕಾಲಂ! ಕೆಳಗೆ ನನ್ನ ಸೈಟಿನ ವಿಳಾಸ. ಮನೆಮನೆಯಲ್ಲಿ ಜನ ಅದನ್ನು ಹೇಳಲು ಹೋಗಿ ಬಾಯಿ ತೆರೆದು ನಿಂತರು. ಆಮೇಲೆ ಫೋನು ತೆಗೆದು ನನ್ನ ಸೈಟು ಒತ್ತಿದರು. ಮಧ್ಯಾಹ್ನದ ಹೊತ್ತಿಗೆ ಸೈಟು ಕೂತುಹೋಯಿತು. ಮಗಳು ಫೋನು ಮಾಡಿ, "ಅಪ್ಪಾ, ಏನ್ ಮಾಡಿದ್ರಿ, ಇಷ್ಟೊಂದು ಜನ!" ಎಂದು ಕಿರುಚಿದಳು. ಮೊದಲು ದರಪಟ್ಟಿ ಕಳಿಸಿದ್ದ ನಗರದ ಪತ್ರಿಕೆಯವರೇ ಈಗ ಕಾರು ಮಾಡಿಕೊಂಡು ಬಂದರು. ಊರವರನ್ನು ಸಾಲಾಗಿ ನಿಲ್ಲಿಸಿ, ಹೇಳಿ ನೋಡೋಣ, ಹೇಳಿ ನೋಡೋಣ ಎಂದು ವಿಡಿಯೋ ಮಾಡಿದರು. ಅವರು ಮಾತ್ರ ಹೊರಗಿನವರು, ಸಲೀಸಾಗಿ ಹೇಳುತ್ತಿದ್ದರು. ಅದನ್ನು ಕೇಳಿ ಸಣ್ಣತಾಯಮ್ಮ ನನ್ನ ಕಡೆ ನೋಡಿ, "ಏನ್ ಅಸಹ್ಯವಾಗಿ ಕೂಗ್ತಾರೆ ಮುಂಡೇವು," ಎಂದಳು. ನಕ್ಕೆವು. ನನ್ನ ಫೋಟೋ ಬಂತು, ಪಕ್ಕದ ಅಂಗಡಿಯವನ ಸೈಕಲ್ಲು ಹಿಡಿದುಕೊಂಡು. ಅಂದು ನಾನು ಪ್ರಪಂಚವನ್ನೇ ಗೆದ್ದೆ ಅಂದುಕೊಂಡಿದ್ದೆ.

ಅವಳ ಲೆಕ್ಕವೂ ಸರಿಯಾಗಿಯೇ ಇತ್ತು, ಮೊದಮೊದಲು. ಹಳೇ ರೇಡಿಯೋದ ಸ್ಪೀಕರು, ಒಂದು ಗುಂಡಿ, ಒಂದು ಬ್ಯಾಟರಿ ಕೂಡಿಸಿ ಬುಟ್ಟಿಯ ಅಂಚಿಗೆ ಕಟ್ಟಿಕೊಟ್ಟೆ. ಗುಂಡಿ ಒತ್ತಿದರೆ ಅವಳ ಕೂಗು. ಜಯಶೀಲ ಬಾಯಿ ತೆರೆದು, ಮುಚ್ಚಿ, ಬರೀ "ಹೂವ ಹೂವ" ಎಂದು ಗೊಣಗುತ್ತಾ ಹೋದಳು. ಸಣ್ಣತಾಯಮ್ಮನ ಬುಟ್ಟಿ ನಮ್ಮ ಬೀದಿ ದಾಟುವ ಮುಂಚೆ ಖಾಲಿಯಾಗುತ್ತಿತ್ತು. ನಮ್ಮನೆಗೆ ಒಂದು ಮೊಳ ಹೂ ಪುಕ್ಕಟೆ ಕೊಟ್ಟು, "ನಿನ್ ಗಂಡ ದೇವ್ರಂಥೋನು ಕಣಮ್ಮ," ಎಂದು ಪ್ರಮೀಳಾಗೆ ಹೇಳಿ ಹೋದಳು. ಪ್ರಮೀಳಾ ಅದನ್ನು ನನಗೆ ಹೇಳುವಾಗ ದೇವರಿಗಿಂತ ಗಂಡ ಎನ್ನುವ ಮಾತಿಗೇ ಹೆಚ್ಚು ಒತ್ತು ಕೊಟ್ಟಳು.

ಆದರೆ ಆ ಕೂಗು ಈಗ ಊರಿನ ಎಲ್ಲ ಫೋನುಗಳಲ್ಲೂ ಇತ್ತು. ಬಾಯಲ್ಲಿ ಹೇಳಲಾಗದ್ದನ್ನು ಜನ ಬೆರಳಲ್ಲಿ ಹೇಳತೊಡಗಿದರು. ಸೊಸೆಯನ್ನು ಊಟಕ್ಕೆ ಕರೆಯಲು ಅದನ್ನು ಒತ್ತಿದರು. ಬಸ್ಸಿಗೆ ಹೊತ್ತಾಯಿತು ಎನ್ನಲು ಅದನ್ನು ಒತ್ತಿದರು. ಮಕ್ಕಳು ಆಟಕ್ಕೆ ಕರೆಯಲು, ಗಂಡಸರು ಸುಮ್ಮನೆ ತಮಾಷೆಗೆ, ಕೆಲವರು ಫೋನಿನ ರಿಂಗೇ ಅದನ್ನು ಮಾಡಿಕೊಂಡು. ಬೆಳಗಿಂದ ಸಂಜೆಯವರೆಗೆ ಎಲ್ಲ ಬೀದಿಯಲ್ಲೂ ಸಣ್ಣತಾಯಮ್ಮ ಕೂಗುತ್ತಿದ್ದಳು. ಹೆಂಗಸರು ಮೊದಲು ಒಂದೊಂದಕ್ಕೂ ಓಡಿಬಂದರು. ಬೀದಿ ಖಾಲಿ. ಬೈದುಕೊಂಡು ಒಳಗೆ ಹೋದರು. ಆಮೇಲೆ ಬರುವುದನ್ನು ಬಿಟ್ಟರು.

ನಾನು ಅದನ್ನು ತಿಳಿದದ್ದು ನಮ್ಮ ಮನೆಯಲ್ಲೇ. ಒಂದು ಬೆಳಗ್ಗೆ ಕಾಫಿ ಕುಡಿಯುತ್ತಿದ್ದಾಗ ಹೊರಗೆ ಕೂಗು ಕೇಳಿತು. ಪ್ರಮೀಳಾ ತೊಗರಿಬೇಳೆ ಆರಿಸುತ್ತಿದ್ದವಳು ತಲೆಯೆತ್ತಲಿಲ್ಲ. ಮತ್ತೆ ಕೂಗಿತು. "ಹೂವಿನವಳಿರಬಹುದು ನೋಡೇ," ಎಂದೆ.

"ಇಲ್ಲ ಬಿಡಿ, ಎದುರು ಮನೆಯವರ ಫೋನು."

ನಾನೂ ಹೌದು ಅಂದುಕೊಂಡು ಕಾಫಿ ಮುಗಿಸಿದೆ. ಅಂಗಡಿಗೆ ಹೊರಡೋಣ ಎಂದು ಬಾಗಿಲು ತೆರೆದರೆ ಅವಳು ನಿಂತಿದ್ದಳು. ಬುಟ್ಟಿ ತುಂಬಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಕೇಳಲು ಧೈರ್ಯ ಬರಲಿಲ್ಲ. ಮೊಗ್ಗುಗಳೆಲ್ಲ ಅರಳಿ ಅಂಚು ಕಂದಿದ್ದವು. ಕದ ತಟ್ಟಬಾರದಿತ್ತೇ ಎಂದೆ.

"ತಟ್ಟಿ ಮಾರೋಕೆ ನಾನೇನ್ ಸಾಲ ಕೇಳೋಕ್ ಬಂದೋಳಾ?" ಎಂದಳು. ಆಮೇಲೆ ದನಿ ಇಳಿಸಿ, "ಅಣ್ಣಾ, ಅದ ತೆಗೆದ್ಬಿಡು ನಿನ್ ಸೈಟಿಂದ. ಕೈ ಮುಗೀತೀನಿ," ಎಂದಳು.

ಅಂದೇ ತೆಗೆಯಬಹುದಿತ್ತು. ಒಂದು ಗುಂಡಿ ಒತ್ತುವ ಕೆಲಸ. ಆದರೆ ಜನ ಬರುತ್ತಿದ್ದದ್ದೇ ಅದೊಂದಕ್ಕೆ. ಬಂದವರು ಸಾಣೆಯವನನ್ನೂ ಉಪ್ಪಿನವನನ್ನೂ ಒಂದೊಂದು ಸಲ ಒತ್ತಿ ನೋಡುತ್ತಿದ್ದರು, ನನ್ನ ಆಸೆಯೆಲ್ಲ ಅಲ್ಲಿತ್ತು. ಇವತ್ತು, ನಾಳೆ ಎಂದುಕೊಂಡು ನಾಲ್ಕು ದಿನ ತಳ್ಳಿದೆ. ಆಮೇಲೆ ತೆಗೆದೆ. ಏನೂ ಉಪಯೋಗವಾಗಲಿಲ್ಲ. ನನ್ನ ಸೈಟಿನಿಂದ ಹೋಯಿತೇ ವಿನಾ ಫೋನುಗಳಿಂದ ಹೋಗಲಿಲ್ಲ. ಸೈಟಿಗೆ ಬರುವವರು ನಿಂತರು, ಭಾನುವಾರದ ಆ ಒಬ್ಬರೂ ಯಾಕೋ ಈಗ ಬರುವುದಿಲ್ಲ. ನಂಜರಾಜಯ್ಯನವರ ಹತ್ತಿರ ಹೋಗಿ, ಹಾಕಿದ್ದನ್ನು ವಾಪಸು ತೆಗೆದುಕೊಳ್ಳುವ ದಾರಿ ಇದೆಯೇ ಎಂದು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ಇದ್ದಿದ್ರೆ ನಮ್ಮಪ್ಪ ಸಾಯೋ ಮುಂಚೆ ನಮ್ಮಮ್ಮನ ಬಾಯಲ್ಲಿ ಒಂದ್ ಸಲ ಆ ಊಟದ ಮಾತನ್ನ ಕೇಳಿಸ್ಕೊಂಡೇ ಹೋಗ್ತಿದ್ರು," ಎಂದರು.

ಹೊಸ ಕೂಗು ಕಟ್ಟಿಕೋ ಎಂದು ಸಣ್ಣತಾಯಮ್ಮನಿಗೆ ಎಲ್ಲರೂ ಹೇಳಿದರು. ಪ್ರಮೀಳಾ ಎರಡು ಮೂರು ಹೇಳಿಕೊಟ್ಟಳು. ಅವಳು ಪ್ರಯತ್ನಪಟ್ಟಳು, ಆದರೆ ಯಾವ ಮಾತು ಹಿಡಿದರೂ ಗಂಟಲು ಹಳೆಯ ದಾರಿಗೇ ಹೋಗಿ ಅಲ್ಲಿ ಕಟ್ಟಿಕೊಳ್ಳುತ್ತಿತ್ತು. "ಗಂಟ್ಲಿಗೆ ಇನ್ನೊಂದ್ ದಾರಿ ಗೊತ್ತಿಲ್ಲ ಕಣಮ್ಮ," ಎಂದು ಬಿಟ್ಟುಬಿಟ್ಟಳು. ಜಯಶೀಲ ಮಾತ್ರ ಬೇಗ ತನ್ನದೇ ಒಂದು ಕೂಗು ಮಾಡಿಕೊಂಡಳು. ಕುಣಿಯುವ ಹಾಗಿದೆ, ಜನಕ್ಕೆ ಹಿಡಿಸಿದೆ. ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ಒಂದು ದಿನ ಅಂಗಡಿಗೆ ಬಂದು, "ಅಣ್ಣಾ, ನಂದೂ ಸೈಟಿಗೆ ಹಾಕಿ, ಪೇಪರಿಗೂ ಕೊಡಿ," ಎಂದಳು. ಮಿಷಿನ್ನು ಕೆಟ್ಟಿದೆ ಎಂದು ಸುಳ್ಳು ಹೇಳಿದೆ. ಬೇಜಾರು ಮಾಡಿಕೊಂಡು ಹೋಗುವಾಗ ತಿರುಗಿ, "ಅಕ್ಕ ಈಗ ನಮ್ಮನೇಲೇ ಹೂ ಕಟ್ತಾರೆ. ಅವರ ಕೈ ಕಟ್ಟು ಯಾರಿಗೂ ಬರಲ್ಲ. ಬಂದು ಹೋಗಿ," ಎಂದಳು.

ಹೋಗಲು ನನಗೆ ಬಹಳ ದಿನ ಹಿಡಿಯಿತು. ಮೊನ್ನೆ ಹೋದೆ. ಕೆರೆಕೋಡಿಯ ಆ ಮನೆಯ ಜಗಲಿಯಲ್ಲಿ ಸಣ್ಣತಾಯಮ್ಮ ಕಾಲು ಚಾಚಿ ಕೂತು, ಬಾಳೆನಾರನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಮಲ್ಲಿಗೆ ಕಟ್ಟುತ್ತಿದ್ದಳು. ನನ್ನನ್ನು ನೋಡಿ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು. "ಬಾ ಅಣ್ಣಾ, ಹೊಟ್ಟೆ ಹೆಂಗೈತೆ?" ಎಂದಳು. ಚೆನ್ನಾಗಿದೆ ಎಂದು ಎದುರಿಗೆ ಕೂತೆ. ತಪ್ಪಾಯ್ತು ಎನ್ನಲು ಹೋಗಿದ್ದೆ. ಅದು ಯಾವ ತಲೆಬರಹದಲ್ಲೂ ಬಂದ ಮಾತಲ್ಲ, ಆದರೂ ನಾಲಗೆ ಏಳಲಿಲ್ಲ. ಮಳೆ, ಮೊಗ್ಗಿನ ರೇಟು, ಪ್ರಮೀಳಾಳ ಮಂಡಿನೋವು ಎಲ್ಲ ಮಾತಾಡಿದೆವು. ಅವಳ ಕೈ ಒಂದು ಕ್ಷಣವೂ ನಿಲ್ಲಲಿಲ್ಲ.

ಅಷ್ಟರಲ್ಲಿ ಬೀದಿಯಲ್ಲಿ ಅವಳ ಕೂಗು ಬಂತು. ಪ್ರೆಸ್ಸಿನ ಬಾಗಿಲಲ್ಲಿ ಕೂಗಿದ್ದಳಲ್ಲ, ಅದೇ, ಕೊನೆಯ ಎಳೆತದ ಸಮೇತ. ಸಣ್ಣತಾಯಮ್ಮನ ಬೆರಳುಗಳು ನಿಂತವು. ನಾರನ್ನು ಕಾಲಿನಿಂದ ಬಿಡಿಸಿಕೊಂಡು, ಕೈಯೂರಿ ಎದ್ದು, ಒಂದು ಕೈಯಲ್ಲಿ ಸೆರಗು ಸರಿಮಾಡಿಕೊಳ್ಳುತ್ತಾ ಜಗಲಿಯ ತುದಿಗೆ ಹೋಗಿ, ಹೂವಿನವಳು ಬಂದಳು ಎಂದು ಬಾಗಿಲಿಗೆ ಬರುತ್ತಿದ್ದ ಹೆಂಗಸರ ಹಾಗೆ ಬೀದಿಯ ಆ ತುದಿಯವರೆಗೂ ನೋಡಿದಳು. ನಾನೂ ಎದ್ದು ನೋಡಿದೆ. ಒಂದು ಆಟೋ ಹೋಗುತ್ತಿತ್ತು. ಅದರ ಡ್ರೈವರು ಫೋನು ತೆಗೆದು ಕಿವಿಗೆ ಇಟ್ಟುಕೊಂಡು, ಹಲೋ ಎಂದ.